ಅಪ್ಪ ಹೊಗಳಿದ ನೀಲಿ ಜೀಪು

ನನ್ನ ತಂಗಿ ಮೊದಲ ಸಲ ಜೀಪಿನಲ್ಲಿ ತವರಿಗೆ ಬಂದಾಗ ನಾನು ಮಣ್ಣೂರಿನ ಮನೆಯ ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಎಂಬತ್ತರ ದಶಕದ ಒಂದು ಬೇಸಿಗೆ, ಬಸವ ಜಯಂತಿಗೆ ಇನ್ನೆರಡು ದಿನ ಇತ್ತು. ನಾನು ಹಿಂದಿನ ದಿನವೇ ಗಂಡನ ಊರು ಇಜೇರಿಯಿಂದ ಬಂದಿದ್ದೆ. ಮೂರು ಬಸ್ಸು ಬದಲಿಸಿ, ಕಂಕುಳಲ್ಲಿ ಮಗಳು, ತಲೆಯ ಮೇಲೆ ಗಂಟು. ಕೊನೆಯ ಬಸ್ಸಿನಲ್ಲಿ ಯಾರದೋ ಕೋಳಿ ನನ್ನ ಒಳ್ಳೆಯ ಸೀರೆಯ ಮೇಲೆ ಹೊಲಸು ಮಾಡಿತ್ತು. ಅದನ್ನು ತೊಳೆದು ಒಣಹಾಕಿ ಅವ್ವನ ಹಳೆಯ ಸೀರೆ ಉಟ್ಟು ಕುಳಿತಿದ್ದೆ. ಅಂಥ ಹೊತ್ತಿಗೇ ಬರಬೇಕೇ ಅವಳು!

ತಂಗಿಯನ್ನು ಆಳಂದಕ್ಕೆ ಕೊಟ್ಟಿತ್ತು. ಗಂಡನ ಮನೆಯವರದು ತೊಗರಿ ವ್ಯಾಪಾರ, ಕೈ ತುಂಬ ರೊಕ್ಕ. ಜೀಪು ಮಿಲಿಟರಿಯವರು ಹರಾಜು ಹಾಕಿದ್ದು, ಮೇಲೆ ಹೊದಿಕೆ ಇಲ್ಲದ್ದು, ಎಣ್ಣೆ ಹಚ್ಚಿದ ಹಾಗೆ ಮಿರಮಿರ ಹೊಳೆಯುವ ಹಸಿರು ಬಣ್ಣದ್ದು. ಅವಳು ಮುಂದಿನ ಸೀಟಿನಲ್ಲಿ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತಿದ್ದಳು. ಓಣಿಯ ಹುಡುಗರು, ನಾಯಿಗಳು, ಮುದುಕರು ಎಲ್ಲ ಹಿಂದೆ ಓಡಿ ಬಂದಿದ್ದರು. ‘ಇದ್ರಾಗ ತೊಗರಿ ಚೀಲ ಹೇರ್ಕೊಂಡು ಹೋಗ್ತೀರೇನು?’ ಎಂದು ನಾನು ಕೇಳಿದೆ. ಸುಮ್ಮನೆ ಕೇಳಲಿಲ್ಲ, ಚುಚ್ಚಲಿಕ್ಕೇ ಕೇಳಿದೆ. ಅವಳು ಇಳಿಯುತ್ತ, ‘ಇಲ್ಲ ಬಿಡಕ್ಕಾ, ಚೀಲಕ್ಕ ಲಾರಿ ಅವ. ಇದು ಬರೇ ತಿರಗಾಡಾಕ’ ಎಂದಳು.

ಬರೇ ತಿರಗಾಡಾಕ! ನಮ್ಮ ಕಡೆ ಆಗ ಎತ್ತು ಇದ್ದರೆ ಉಳಲಿಕ್ಕೆ, ಎಮ್ಮೆ ಇದ್ದರೆ ಹಾಲಿಗೆ, ಸೈಕಲ್ ಇದ್ದರೆ ಗಿರಣಿಗೆ ಹೋಗಿ ಹಿಟ್ಟು ಬೀಸಿಕೊಂಡು ಬರಲಿಕ್ಕೆ. ಬರೀ ತಿರುಗಾಡುವುದಕ್ಕೆ ಅಂತ ನಾಲ್ಕು ಗಾಲಿಯ ಒಂದು ವಸ್ತು ಇಟ್ಟುಕೊಳ್ಳಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಹೊಳೆದ ಕ್ಷಣದಿಂದ ಅದು ನನಗೂ ಬೇಕಾಯಿತು.

ಸಂಜೆ ಎಲ್ಲರೂ ಹೊಳೆಗೆ ಹೋದೆವು. ಸೊನ್ನದ ಹತ್ತಿರ ಬ್ಯಾರೇಜು ಆಗುವ ಮೊದಲಿನ ಮಾತು ಇದು. ಬೇಸಿಗೆಯಲ್ಲಿ ಭೀಮೆ ಒಂದು ಬದಿಗೆ ಸಣ್ಣಗೆ ಹರಿಯುತ್ತಿದ್ದಳು, ಉಳಿದದ್ದೆಲ್ಲ ಮರಳು. ತಂಗಿಯ ಗಂಡ ಸ್ಟೇರಿಂಗಿನಿಂದ ಇಳಿದು ಆ ಜಾಗದಲ್ಲಿ ಅವಳನ್ನು ಕೂರಿಸಿದ. ಗೇರಿನ ಪಕ್ಕದ ಇನ್ನೊಂದು ಸಣ್ಣ ಕೋಲು ಎಳೆದರೆ ನಾಲ್ಕೂ ಗಾಲಿ ಒಟ್ಟಿಗೆ ಎಳೆಯುತ್ತವೆ, ಮರಳಿನಲ್ಲಿ ಹೂಳುವುದಿಲ್ಲ ಎಂದು ನಮಗೆಲ್ಲ ವಿವರಿಸಿದ. ಅವಳು ಸೆರಗು ಸಿಕ್ಕಿಸಿ ಜೀಪು ಓಡಿಸಿದಳು. ಪಕ್ಕದಲ್ಲಿ ನಮ್ಮ ಅಪ್ಪ! ರುಮಾಲು ಗಾಳಿಗೆ ಬಿಚ್ಚಿಕೊಂಡು ಹಿಂದೆ ಹಾರುತ್ತಿದೆ, ಅಪ್ಪ ಅದನ್ನು ಹಿಡಿದುಕೊಂಡು ಬಾಯಿ ತುಂಬ ನಗುತ್ತಿದ್ದಾನೆ. ಅಪ್ಪ ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರಿಗೆಲ್ಲ, ‘ನನ್ನ ಸಣ್ಣ ಮಗಳು ನೋಡ್ರಬೇ, ಗಂಡಸರಿಗೆ ನಾಚಿಕಿ ಬರ್ಬೇಕು, ಹಂಗ ಹೊಡ್ಯಾಕತ್ತಾಳ!’ ಎಂದು ಕೂಗಿ ಹೇಳಿದ. ಇಳಿದು ಬಂದವನು ನನ್ನನ್ನು ನೋಡಿ, ‘ನೀ ಯಾಕ ಬೇ ಹಂಗ ಮಾರಿ ಮಾಡ್ಕೊಂಡು ನಿಂತೀ, ಹುಣಸಿಹಣ್ಣು ತಿಂದವರಂಗ?’ ಎಂದ.

ಇಲ್ಲಿ ಒಂದು ಹಳೆಯ ಹುಣ್ಣಿನ ವಿಷಯ ಹೇಳಬೇಕು. ಅಪ್ಪನಿಗೆ ನಾವು ಇಬ್ಬರೇ ಮಕ್ಕಳು, ನಾನು ದೊಡ್ಡವಳು. ಆದರೆ ಮೊದಲು ಮದುವೆಯಾದದ್ದು ಅವಳು. ನನ್ನನ್ನು ನೋಡಲು ಮೂರು ಕಡೆಯವರು ಬಂದಿದ್ದರು. ಮೂರು ಸಲವೂ ಅಪ್ಪ ಜಮಖಾನೆಯ ಮೇಲೆ ಕುಳಿತು, ನಾನು ಒಳಗಿನಿಂದ ಕೇಳುತ್ತಿರುವಾಗಲೇ, ‘ಸಿಟ್ಟು ಭಾಳ ಅದರಿ ಇಕಿಗೆ. ರೊಟ್ಟಿ ದಪ್ಪ ಬಡೀತಾಳ. ಮಾತಿಗೆ ಮಾತು ಕೊಡ್ತಾಳ’ ಎಂದಿದ್ದ. ಬಂದವರು ಚಹಾ ಕುಡಿದು ಎದ್ದು ಹೋದರು. ಆಳಂದದವರು ಬಂದಾಗ ಮಾತ್ರ ತಂಗಿಯ ಬಗ್ಗೆ ಅದೇ ಬಾಯಿ ಬೇರೆಯೇ ಹಾಡಿತು. ‘ನಮ್ಮ ಸಣ್ಣಾಕಿ ಅಂದ್ರ ಮಾತು ಬೆಲ್ಲರಿ, ರೊಟ್ಟಿ ಹಪ್ಪಳರಿ, ನಿಮ್ಮ ಮನಿಗಿ ಬೆಳಕು ಬಂದಂಗ.’ ಅಕ್ಕ ಇರುವಾಗ ತಂಗಿಯ ಮದುವೆಯೇ ಎಂದು ಊರು ಆಡಿಕೊಂಡಿತು. ಅವಳ ಮೇಲೆ ಅಕ್ಕಿಕಾಳು ಹಾಕುವಾಗ ನಾನು ಸ್ವಲ್ಪ ಜೋರಾಗಿಯೇ ಹಾಕಿದ್ದೆ. ಎರಡು ವರ್ಷ ಆದಮೇಲೆ ಇಜೇರಿಯ ಶಾಲೆ ಮಾಸ್ತರರು ನನ್ನನ್ನು ನೋಡಲು ಬಂದರು. ಅಪ್ಪ ಅವರ ಮುಂದೆಯೂ ಅದೇ ಪಟ್ಟಿ ಓದಿದ. ಅವರು ನಕ್ಕು, ‘ಹುಡುಗರ ಕೂಡ ಇದ್ದೂ ಇದ್ದೂ ನನಗ ಸಿಟ್ಟು ರೂಢಿ ಆಗ್ಯದರಿ’ ಎಂದರು. ಅವರೇ ನಮ್ಮ ಮನೆಯವರು.

ಆ ಬೇಸಿಗೆ ಇಜೇರಿಗೆ ತಿರುಗಿ ಹೋದವಳೇ ನಮ್ಮ ಮನೆಯವರ ಕಿವಿಯಲ್ಲಿ ಜೀಪು ಊದಲು ಶುರು ಮಾಡಿದೆ. ಅವರಿಗೂ ತಿರುಗಾಟದ ಹುಚ್ಚು ಇತ್ತು, ಹೇಳಿಕೊಳ್ಳಲು ಧೈರ್ಯ ಇರಲಿಲ್ಲ ಅಷ್ಟೆ. ಮನೆಯ ಹೊಲವನ್ನೆಲ್ಲ ಇವರ ಅಣ್ಣ, ನಮ್ಮ ಭಾವನವರು, ನೋಡಿಕೊಳ್ಳುತ್ತಿದ್ದರು. ಇವರಿಗೆ ಎತ್ತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟಿದ್ದಷ್ಟೇ ಗೊತ್ತು. ಮಾಸ್ತರರಲ್ಲವೇ, ಶಾಲೆಯ ಎರಡು ಗೆರೆಯ ಕಾಪಿ ಪುಸ್ತಕದಲ್ಲಿ ಒಂದು ಬದಿಗೆ ಮೋಟಾರ್ ಸೈಕಲ್, ಇನ್ನೊಂದು ಬದಿಗೆ ಜೀಪು ಎಂದು ಬರೆದು ಒಂದೊಂದರ ಗುಣ ಅವಗುಣ ಬರೆಯಲು ಕುಳಿತರು. ಮೋಟಾರ್ ಸೈಕಲ್ ಕಡಿಮೆ ಎಣ್ಣೆ ಕುಡಿಯುತ್ತದೆ, ಓಣಿಯಲ್ಲಿ ತಿರುಗುತ್ತದೆ, ಕೆಟ್ಟರೆ ನೂಕಿಕೊಂಡು ಬರಬಹುದು. ಜೀಪಿನ ಬದಿಯಲ್ಲಿ ಗುಣ ಒಂದೇ ಇತ್ತು, ಮಳೆಗಾಲದಲ್ಲಿ ಎರೆ ಮಣ್ಣಿನಲ್ಲಿಯೂ ಹೋಗುತ್ತದೆ. ‘ಮೋಟಾರ್ ಸೈಕಲ್ ಛಲೋ ಕಾಣ್ತದ’ ಎಂದರು. ನಾನು ಪೆನ್ಸಿಲು ಕಸಿದುಕೊಂಡು ಜೀಪಿನ ಬದಿಯಲ್ಲಿ ಇನ್ನೊಂದು ಗುಣ ಬರೆದೆ: ‘ನನ್ನ ತಂಗಿಯ ಹತ್ತಿರ ಇದೆ.’ ಅವರು ಅದನ್ನು ಓದಿ ಕಾಪಿ ಮುಚ್ಚಿಟ್ಟರು.

ಅತ್ತೆಗೆ ಸುದ್ದಿ ಹತ್ತಿದ ದಿನ ಮನೆಯಲ್ಲಿ ದೊಡ್ಡ ರಂಪ ಆಯಿತು. ‘ಅದು ಹೊಲಾ ಹೊಡಿತದೇನು? ಹಾಲು ಕೊಡ್ತದೇನು? ಹೊಟ್ಟಿಗಿ ಹಿಟ್ಟಿಲ್ಲದಿದ್ರೂ ಜುಟ್ಟಿಗಿ ಮಲ್ಲಿಗಿ ಹೂವು!’ ಹಿಟ್ಟೇನೋ ಬೇಕಾದಷ್ಟಿತ್ತು, ಆ ಎರಡು ವರ್ಷ ತೊಗರಿ ಚೆನ್ನಾಗಿ ಬಂದಿತ್ತು. ಭಾವನವರು ದೊಡ್ಡ ಮನಸ್ಸಿನವರು, ‘ತಮ್ಮ ಒಂದು ದಿನ ಏನೂ ಕೇಳಿದಾವಲ್ಲ, ತೊಗೊಳ್ಲಿ ಬಿಡಬೇ ಯವ್ವಾ’ ಎಂದು ಮಾತು ಮುಗಿಸಿದರು.

ಇನ್ನು ಆರಿಸುವುದು. ತಂಗಿಯ ಜೀಪನ್ನು ಆರಿಸಿಕೊಟ್ಟವನು ಅಪ್ಪನೇ ಎಂದು ನನಗೆ ಆ ಬೇಸಿಗೆಯಲ್ಲೇ ಗೊತ್ತಾಗಿತ್ತು. ಅಫಜಲಪುರದ ಸುತ್ತ ಹತ್ತು ಹಳ್ಳಿಯಲ್ಲಿ ಎತ್ತು ಕೊಳ್ಳುವವರು ಅಪ್ಪನನ್ನು ಕರೆದುಕೊಂಡು ಹೋಗುತ್ತಿದ್ದರು. ಹಲ್ಲು, ಸುಳಿ, ಗೊರಸು ನೋಡುವುದರಲ್ಲಿ ಅವನದು ದೊಡ್ಡ ಹೆಸರು. ಆಳಂದದ ಅಳಿಯ ಅದೇ ಕಾರಣಕ್ಕೆ ಅವನನ್ನು ಕರೆದೊಯ್ದಿದ್ದ. ‘ನಿಮ್ಮಪ್ಪ ಜೀಪಿನ ಹಲ್ಲೂ ನೋಡ್ಯಾನಂತ’ ಎಂದು ಜನ ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಅವಳಿಗೆ ಆರಿಸಿ ಕೊಟ್ಟ ಮೇಲೆ ನನಗೂ ಆರಿಸಿ ಕೊಡಬೇಕು, ಅವಳದಕ್ಕಿಂತ ಒಂದು ಕೂದಲೆಳೆ ಹೆಚ್ಚಿನದೇ ಕೊಡಬೇಕು. ನಿಜವಾಗಿ ನನಗೆ ಬೇಕಾದದ್ದು ಜೀಪೇ ಅಲ್ಲ, ಆ ಕೂದಲೆಳೆ. ದೀಪಾವಳಿ ಮುಗಿದ ಮೇಲೆ ಮಣ್ಣೂರಿಗೆ ಹೋಗಿ ಅಪ್ಪನ ಎದುರು ನಿಂತು ಕೇಳಿಯೇಬಿಟ್ಟೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ, ‘ಆತು, ಹೋಗೂಣು’ ಎಂದ.

ಅಫಜಲಪುರದ ಊರ ಹೊರಗೆ ಒಬ್ಬನು ಹಳೆಯ ಗಾಡಿ ಕೊಂಡು ರಿಪೇರಿ ಮಾಡಿ ಮಾರುತ್ತಿದ್ದ. ನಮ್ಮ ಮನೆಯವರು, ಅಪ್ಪ, ನಾನು, ಮೂವರೂ ಹೋದೆವು. ‘ಹೆಣ್ಮಗಳು ಯಾಕ ಅಲ್ಲಿಗೆ?’ ಎಂದು ಅವ್ವ ಗೊಣಗಿದಳು. ದನದ ಸಂತೆಗೆ ನಮ್ಮಲ್ಲಿ ಹೆಂಗಸರು ಹೋಗುವುದಿಲ್ಲ. ಅಪ್ಪ ಜೀವಮಾನವೆಲ್ಲ ಮಾಡಿದ ಕೆಲಸವನ್ನು ನಾನು ಒಂದು ದಿನವೂ ಕಣ್ಣಾರೆ ನೋಡಿರಲಿಲ್ಲ. ಇದು ಸಂತೆಯಲ್ಲ, ಗ್ಯಾರೇಜು ಎಂದು ವಾದ ಮಾಡಿ ಹೊರಟೆ. ರೊಕ್ಕದ ಗಂಟು ನನ್ನ ಚೀಲದಲ್ಲೇ ಇತ್ತು. ನಮ್ಮ ಮನೆಯವರಿಗೆ ಬಸ್ಸಿನಲ್ಲಿ ನಿದ್ದೆ ಬರುವ ಅಭ್ಯಾಸ, ಹಾಗಾಗಿ ನನ್ನ ಕೈಗೆ ಕೊಟ್ಟಿದ್ದರು.

ಅಲ್ಲಿ ಎರಡು ಜೀಪು ನಿಂತಿದ್ದವು. ಒಂದು ನೀಲಿ. ಹೊಸದಾಗಿ ಬಣ್ಣ ಬಳಿದದ್ದು, ಸೀಟಿಗೆ ಕೆಂಪು ರೆಕ್ಸಿನ್, ಮುಂದೆ ಎರಡು ಹೆಚ್ಚಿನ ದೀಪ. ತಂಗಿಯ ಹಸಿರು ಜೀಪು ಇದರ ಮುಂದೆ ತೌಡು ಎನಿಸಿತು. ಇನ್ನೊಂದು ಮಣ್ಣಿನ ಬಣ್ಣದ್ದು. ಬಣ್ಣ ಎನ್ನುವುದಕ್ಕಿಂತ ಬಣ್ಣ ಹೋದದ್ದು ಎನ್ನಬೇಕು. ಬಾನೆಟ್ ಮೇಲೆ ತಗ್ಗು, ಸೀಟಿನಿಂದ ನಾರು ಹೊರಗೆ ಬಂದಿತ್ತು. ನಾನು ನೀಲಿಯ ಸೀಟಿನ ಮೇಲೆ ಕೈ ಆಡಿಸಿ, ಬೇವಿನ ಮರದ ಕೆಳಗೆ ಹಾಕಿದ್ದ ಬಾಕಿನ ಮೇಲೆ ಕುಳಿತೆ. ಮನಸ್ಸಿನಲ್ಲಿ ಆಗಲೇ ಅದರಲ್ಲಿ ಕುಳಿತು ಮಣ್ಣೂರಿನ ಓಣಿ ಹೊಕ್ಕಾಗಿತ್ತು.

ಅಪ್ಪ ಎರಡನ್ನೂ ಸುತ್ತು ಹಾಕಿದ. ಬಗ್ಗಿ ಕೆಳಗೆ ನೋಡಿದ. ಎಂಜಿನ್ ಚಾಲು ಮಾಡಿಸಿ ಎತ್ತಿನ ಪಕ್ಕೆಯ ಮೇಲೆ ಇಟ್ಟ ಹಾಗೆ ಬಾನೆಟ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಂತ. ಆಮೇಲೆ, ಗ್ಯಾರೇಜಿನ ಹಿಂದೆ ಹೊಲದ ಬದಿಯಲ್ಲಿ ನೀರು ನಿಂತು ಹಸಿಯಾಗಿದ್ದ ಎರೆ ಮಣ್ಣಿನ ಮೇಲೆ ಎರಡೂ ಜೀಪನ್ನು ನೇರವಾಗಿ ಓಡಿಸು ಎಂದು ಗ್ಯಾರೇಜಿನವನಿಗೆ ಹೇಳಿದ. ಓಡಿಸಿದ ಮೇಲೆ ಜೀಪುಗಳನ್ನು ತಿರುಗಿಯೂ ನೋಡಲಿಲ್ಲ. ಕುಕ್ಕರುಗಾಲಿನಲ್ಲಿ ಕುಳಿತು ನೆಲ ನೋಡಿದ. ಗಾಲಿಯ ಜಾಡಿನ ಮೇಲೆ ನಾಲ್ಕು ಬೆರಳು ಇಟ್ಟು ಏನೋ ಅಳೆದ. ಗ್ಯಾರೇಜಿನವನು ನಮ್ಮ ಮನೆಯವರಿಗೆ, ‘ನಿಮ್ಮ ಮಾವನವ್ರು ಏನು ಹುಡಕಾಕತ್ತಾರ್ರಿ? ಏನರ ಬಿದ್ದದೇನು?’ ಎಂದು ಕೇಳಿದ. ಅವರು ಹೆಗಲು ಹಾರಿಸಿದರು.

ಅಪ್ಪ ಎದ್ದು ಬಂದವನೇ ಜೋರು ದನಿಯಲ್ಲಿ ನೀಲಿ ಜೀಪನ್ನು ಹೊಗಳಲು ಶುರು ಮಾಡಿದ. ‘ಭಾರಿ ಗಾಡಿ ಅದಪ್ಪಾ ಇದು! ಏನು ಬಣ್ಣ, ಏನು ಸೀಟು, ನವಾಬ ಕೂಡೂವಂಥಾದ್ದು. ಇದಕ್ಕ ನೀ ಎಷ್ಟು ಕೇಳಿದ್ರೂ ಕಮ್ಮೀನ.’ ಆಮೇಲೆ ಮಣ್ಣಿನ ಬಣ್ಣದ್ದರ ಹತ್ತಿರ ಹೋಗಿ ಕಾಲಿನಿಂದ ಗಾಲಿ ಒದ್ದ. ‘ಇದೇನು ಇದು? ಡಬ್ಬಿ! ಗೇರು ಕರಕರ ಅಂತದ, ತಗಡು ತಿಂದದ. ಬೇಕಾರ ಮಾಲು. ಗುಜರಿಗಿ ಹಾಕಂಗಿದ್ರ ಹೇಳು, ಒಯ್ತೀವಿ.’ ಗ್ಯಾರೇಜಿನವನು ಅದಕ್ಕೆ ಏನೋ ಒಂದು ಬೆಲೆ ಹೇಳಿದ. ಅಪ್ಪ ಕೇಳಿಸದವನ ಹಾಗೆ ರುಮಾಲು ಕೊಡವಿಕೊಂಡು, ‘ನಡ್ರಿ ಅಳ್ಯಾನವರ, ಇದು ನಮಗ ಬ್ಯಾಡ’ ಎನ್ನುತ್ತ ರಸ್ತೆಯ ಕಡೆ ನಡೆದುಬಿಟ್ಟ. ನಮ್ಮ ಮನೆಯವರು ದಿಕ್ಕು ತೋಚದೆ ಅವನ ಹಿಂದೆ ಹೋದರು.

ನಾನು ಬಾಕಿನ ಮೇಲೆ ಒಬ್ಬಳೇ ಉಳಿದೆ. ನನಗೆ ಎಲ್ಲ ಸ್ಪಷ್ಟವಾದಂತೆ ಆಯಿತು. ನೀಲಿಯದು ಒಳ್ಳೆಯದು ಎಂದು ಅಪ್ಪನ ಬಾಯಿಂದಲೇ ಬಂತು. ಆದರೆ ಬೆಲೆ ಕೇಳಿದ್ದು ಮಾತ್ರ ಆ ಡಬ್ಬಿಯದು. ಸಣ್ಣ ಮಗಳಿಗೆ ಹೊಳೆಯುವುದು, ದೊಡ್ಡವಳಿಗೆ ಗುಜರಿ! ಅದೂ ಬೇಡವೆಂದು ಹೊರಟೇಬಿಟ್ಟ. ಚೀಲ ಬಿಚ್ಚಿ ನೋಟು ತೆಗೆದು ಗ್ಯಾರೇಜಿನವನ ಕೈಯಲ್ಲಿ ಇಟ್ಟು, ‘ತೊಗೋರಿ ಸಂಚಕಾರ. ನೀಲಿದು ನಮ್ದು’ ಎಂದೆ. ಅವನು ನನ್ನನ್ನೂ ರಸ್ತೆಯ ಕಡೆಗೂ ಒಮ್ಮೆ ನೋಡಿದ. ‘ಅಪ್ಪಾರಿಗಿ ಒಂದು ಮಾತು ಕೇಳಲ್ರಿ?’ ಎಂದ. ‘ಅವರೇ ಹೊಗಳ್ಯಾರಲ್ರಿ, ಇನ್ನೇನು ಕೇಳೂದು?’ ಎಂದೆ. ಅವನು ನೋಟು ಕಣ್ಣಿಗೆ ಒತ್ತಿಕೊಂಡು ಕಿಸೆಗೆ ಹಾಕಿದ.

ಸಂಚಕಾರ ಎಂದರೆ ಮುಂಗಡ. ಒಂದು ರೂಪಾಯಿ ಕೊಟ್ಟರೂ ಅಷ್ಟೆ, ಒಮ್ಮೆ ಎದುರಿನವನ ಅಂಗೈ ಮುಟ್ಟಿತೆಂದರೆ ನಮ್ಮ ಕಡೆ ಮಾತು ಮುಗಿಯಿತು. ಎತ್ತು ಮರುದಿನ ಸತ್ತರೂ ತಿರುಗಿ ಕೇಳುವಂತಿಲ್ಲ. ಅಪ್ಪ ರಸ್ತೆಯ ತನಕ ಹೋದವನು, ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿ, ನಿಧಾನವಾಗಿ ತಿರುಗಿ ಬಂದ. ನಾನು ಗೆದ್ದವಳ ಹಾಗೆ ಎದೆ ಉಬ್ಬಿಸಿ, ‘ನೀಲಿದಕ್ಕ ಸಂಚಕಾರ ಕೊಟ್ಟೀನಿ’ ಎಂದೆ. ಅಪ್ಪನ ಮುಖ ಒಂದು ಕ್ಷಣ ಬಿಳಿಚಿತು. ಏನೋ ಹೇಳಲು ಬಾಯಿ ತೆರೆದ. ಗ್ಯಾರೇಜಿನವನು ಎದುರಿಗೇ ಇದ್ದ. ಅಪ್ಪ ಬಾಯಿ ಮುಚ್ಚಿಕೊಂಡ. ‘ಆತು. ಮಾತು ಮುಗೀತು’ ಎಂದಷ್ಟೇ ಹೇಳಿ ನಲ್ಲಿಯ ಹತ್ತಿರ ಕೈ ತೊಳೆಯಲು ಹೋದ.

ಆಮೇಲಿನ ಆರು ವಾರ ನನ್ನ ಬಾಳಿನಲ್ಲಿ ತುಂಬ ಸುಖದ ವಾರಗಳು. ಸುಳ್ಳು ಹೇಳುವುದಿಲ್ಲ. ರವಿವಾರ ಬಂತೆಂದರೆ ನಾವು ಮೂವರೂ ಇಜೇರಿಯಿಂದ ಯಾವ ದಾರಿ ಕಂಡಿತೋ ಆ ದಾರಿ. ಬೀಳು ಹೊಲ, ಹಳ್ಳ, ದಿಬ್ಬ ಯಾವುದನ್ನೂ ಬಿಡಲಿಲ್ಲ. ಜೇವರ್ಗಿಗೆ ಹೋಗಿ ಮಿರ್ಚಿಭಜಿ ತಿಂದು ಬರಲಿಕ್ಕೆಂದೇ ಒಮ್ಮೆ ಹೋದೆವು. ನಾನೂ ಓಡಿಸಲು ಕಲಿತೆ. ಒಂದೇ ತೊಂದರೆ, ನಾನು ಎಷ್ಟು ನೇರ ಹಿಡಿದರೂ ಜೀಪು ಎಡಕ್ಕೆ ಎಳೆಯುತ್ತಿತ್ತು. ‘ನಿನ್ನ ಕೈ ಸೊಟ್ಟ ಅದ’ ಎಂದು ನಮ್ಮ ಮನೆಯವರು ನಗುತ್ತಿದ್ದರು. ಅವರು ಹಿಡಿದಾಗಲೂ ಎಳೆಯುತ್ತಿತ್ತು, ಆದರೆ ಆಗ ರಸ್ತೆ ಸೊಟ್ಟ ಇರುತ್ತಿತ್ತು! ನನ್ನ ತಂಗಿ ಮರಳಿನಲ್ಲಿ ಗೆರೆ ಎಳೆದ ಹಾಗೆ ಓಡಿಸಿದ್ದಳು. ನನ್ನ ಕೈ ಮಾತ್ರ ಸೊಟ್ಟ ಆಗಬೇಕೇ ಎಂದು ಕಚ್ಚಿ ಹಿಡಿದು ಕಲಿತೆ, ಬಲಕ್ಕೆ ಎಳೆದು ಹಿಡಿಯುವುದೇ ರೂಢಿಯಾಯಿತು.

ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಅಕ್ಕ ತಂಗಿ ಇಬ್ಬರೂ ಮಣ್ಣೂರಿಗೆ ಬಂದೆವು. ಅವತ್ತು ಸಜ್ಜೆ ರೊಟ್ಟಿ, ಸೊಪ್ಪು ಕಾಳು ಬೇಯಿಸಿದ ಭಜ್ಜಿ, ಶೇಂಗಾ ಹೋಳಿಗೆ, ಕಡುಬು ಎಲ್ಲ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ನಿಂತ ಜೋಳದ ಬೆಳೆಗೆ ಎಡೆಯ ಅಡುಗೆಯನ್ನು ಚರಗವೆಂದು ಚೆಲ್ಲಿ, ಅಲ್ಲೇ ಉಣ್ಣುವುದು. ನಮ್ಮ ನೀಲಿ ಜೀಪು ಓಣಿಯಲ್ಲಿ ಅವಳ ಹಸಿರು ಜೀಪಿನ ಪಕ್ಕ ನಿಂತಿತು. ಮಕ್ಕಳೆಲ್ಲ ನೀಲಿಯ ಹತ್ತಿರವೇ ಮುತ್ತಿದರು. ತಂಗಿ ಬಂದು ಕೆಂಪು ಸೀಟು ಮುಟ್ಟಿ, ‘ಛಂದ ಅದ ಅಕ್ಕಾ’ ಎಂದಳು. ಆ ಮಾತಿನಲ್ಲಿ ಎಲ್ಲಾದರೂ ಸ್ವಲ್ಪ ಉರಿ ಇದೆಯೇ ಎಂದು ಹುಡುಕಿದೆ, ಸಿಗಲಿಲ್ಲ. ಅವಳು ಹಾಗೆಯೇ, ಒಳ್ಳೆಯವಳು. ಅದೂ ನನಗೆ ಸಿಟ್ಟಿನ ವಿಷಯವೇ ಆಗಿತ್ತು.

ಹೊರಡುವಾಗ ನಾನು ನೀಲಿಯ ಮುಂದಿನ ಸೀಟು ಸೆರಗಿನಿಂದ ಒರೆಸಿ, ‘ಅಪ್ಪಾ, ಇದ್ರಾಗ ಕೂಡು ಬಾ’ ಎಂದೆ. ಎಲ್ಲರೂ ಕೇಳುವ ಹಾಗೆ ಕರೆದೆ. ಅಪ್ಪ ಜೀಪು ನೋಡಿದ, ನನ್ನನ್ನು ನೋಡಿದ. ‘ನೀವು ನಡೀರಿ. ನಾ ಎತ್ತು ಹೂಡ್ಕೊಂಡು ಹಿಂದಿಂದ ಬರ್ತೇನಿ’ ಎಂದ. ಅಡುಗೆಯ ಬುಟ್ಟಿಗಳೆಲ್ಲ ಜೀಪಿನಲ್ಲೇ ಇದ್ದವು, ಬಂಡಿಗೆ ಹೇರಲು ಏನೂ ಉಳಿದಿರಲಿಲ್ಲ. ಅವಳ ಜೀಪಿನಲ್ಲಿ ರುಮಾಲು ಹಾರಿಸಿಕೊಂಡು ಕುಳಿತವನಿಗೆ ನನ್ನದರಲ್ಲಿ ಕೂರಲು ಬಂಡಿ ಅಡ್ಡ ಬಂತು. ನಾನು ಬಾಯಿ ಬಿಗಿದು ಸ್ಟೇರಿಂಗ್ ಹಿಡಿದೆ. ನಮ್ಮ ಮನೆಯವರು ಬೇಡವೆಂದರೂ ಬಿಡಲಿಲ್ಲ. ಅವ್ವ ನನ್ನ ಮಗಳನ್ನು ಎತ್ತಿಕೊಂಡು ಹಿಂದೆ ಕುಳಿತಳು.

ಊರು ದಾಟಿದ ಮೇಲೆ ಬಂಡಿಯ ದಾರಿ. ಮಳೆಗಾಲದಲ್ಲಿ ಬಂಡಿಗಳು ಕೊರೆದ ಎರಡು ಆಳದ ಜಾಡು ಒಣಗಿ ಕಲ್ಲಾಗಿದ್ದವು, ಎರಡೂ ಬದಿಗೆ ತಲೆಗಿಂತ ಎತ್ತರ ಜೋಳ. ತಂಗಿಯ ಜೀಪು ಜಾಡಿನಲ್ಲಿ ಗಾಲಿ ಇಟ್ಟುಕೊಂಡು ಸರ್‍ರನೆ ಹೋಯಿತು. ಓಡಿಸುತ್ತಿದ್ದವಳು ಅವಳೇ. ನಾನು ಅವಳ ಹಿಂದೆ ನಮ್ಮ ಜೀಪು ಇಳಿಸಿದೆ. ಮುಂದಿನ ಗಾಲಿ ಜಾಡಿಗೆ ಇಳಿದವು, ಹಿಂದಿನವು ಇಳಿಯಲೊಲ್ಲವು. ಜಾಡಿನ ಪಕ್ಕದ ಎತ್ತರದ ದಿಂಡಿನ ಮೇಲೆ ಹತ್ತಿ ಕುಳಿತವು. ಜೀಪು ಮೈ ಓರೆ ಮಾಡಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯಿತು. ನಾನು ಬಲಕ್ಕೆ ಎಳೆದಷ್ಟೂ ಹಿಂಭಾಗ ಎಡಕ್ಕೆ ಜಾರಿತು. ಹಾರಲಿ ಎಂದು ಎಕ್ಸಿಲರೇಟರ್ ಒತ್ತಿದೆ. ಎರಡು ಸಲ ಕುಣಿದು, ಹೊಟ್ಟೆ ದಿಂಡಿನ ಮೇಲೆ ಕೂತು, ಹಿಂದಿನ ಒಂದು ಗಾಲಿ ಜೋಳದ ಹೊಲದ ಬದುವಿನ ಮೇಲೆ ಗಾಳಿಯಲ್ಲಿ ತಿರುಗತೊಡಗಿತು. ಭಜ್ಜಿಯ ಗಡಿಗೆ ಉರುಳಿ ಕೆಂಪು ರೆಕ್ಸಿನ್ ಎಲ್ಲ ಹಸಿರಾಯಿತು. ಮುಂದೆ ಹೋದ ಜೀಪು ನಿಂತು, ತಂಗಿ ಇಳಿದು ನನ್ನ ಕಡೆ ಓಡಿ ಬರತೊಡಗಿದಳು.

ಅವಳಿಗಿಂತ ಮೊದಲು ಹಿಂದಿನಿಂದ ಅಪ್ಪನ ಬಂಡಿ ಬಂತು. ಬಂಡಿಯಲ್ಲಿ ಒಂದು ದೊಡ್ಡ ಹಗ್ಗದ ಸುರುಳಿ ಬಿಟ್ಟರೆ ಬೇರೇನೂ ಇರಲಿಲ್ಲ. ಅಪ್ಪ ಕೆಳಗೆ ಇಳಿದ. ನೊಗ ಸಮೇತ ಎತ್ತು ಬಿಚ್ಚಿ, ಹಗ್ಗ ಜೀಪಿಗೆ ಬಿಗಿದು, ನೊಗಕ್ಕೆ ಕಟ್ಟಿ ಹೊಡೆದ. ಎತ್ತುಗಳು ಒಂದೇ ಸಲಕ್ಕೆ ಹಿಂದಕ್ಕೆ ಎಳೆದು ಹಾಕಿದವು. ನಮ್ಮ ಮನೆಯವರು ಬುಟ್ಟಿಗಳನ್ನು ಹೊತ್ತು ಅವ್ವ, ಮಗಳ ಜೊತೆ ಹಸಿರು ಜೀಪಿನ ಕಡೆ ನಡೆದರು. ನಾನು ಹಗ್ಗ ನೋಡುತ್ತ ನಿಂತೆ. ಯಾವನೂ ಚರಗಕ್ಕೆ ಹೋಗುವಾಗ ಬಂಡಿಯಲ್ಲಿ ಹಗ್ಗ ಒಂದನ್ನೇ ಹಾಕಿಕೊಂಡು ಹೋಗುವುದಿಲ್ಲ.

‘ನಿನಗ ಗೊತ್ತಿತ್ತು’ ಎಂದೆ.

‘ಹೂಂ.’ ಅಪ್ಪ ಹಗ್ಗ ಬಿಚ್ಚುತ್ತಿದ್ದ. ‘ಅದು ಎಲ್ಲೋ ಬಡಿಸ್ಕೊಂಡು ಬೆನ್ನು ಮುರ್ಕೊಂಡ ಗಾಡಿ. ಹಸಿ ಮಣ್ಣಿನ್ಯಾಗ ನೋಡಿದ್ದೆ. ಹಿಂದಿನ ಗಾಲಿ ಮುಂದಿನ ಗಾಲಿ ಜಾಡಿನ್ಯಾಗ ಬೀಳಂಗಿಲ್ಲ, ನಾಕು ಬೆರಳು ಹೊರಗ ಬೀಳ್ತಾವ. ನಡಿಗಿ ಸೊಟ್ಟಿದ್ದ ಎತ್ತೂ ಹಂಗ.’

‘ಮತ್ತ ಅವತ್ತು ಯಾಕ ಅಷ್ಟು ಹೊಗಳಿದಿ?’

ಅಪ್ಪ ನನ್ನನ್ನು ವಿಚಿತ್ರವಾಗಿ ನೋಡಿದ. ‘ಬ್ಯಾಡಾದದ್ದನ್ನ ಹೊಗಳ್ತಾರ ಬೇ. ಒಯ್ಯೂ ಮಾಲನ್ನ ಮಾರಾವನ ಮುಂದ ಯಾರರ ಹೊಗಳ್ತಾರೇನು? ರೇಟು ಏರಿಸ್ಕೊಳ್ಳಾಕ? ಆ ಮಣ್ಣು ಬಣ್ಣದ್ದು ಒಳಗ ವಜ್ರ ಇತ್ತು. ರಸ್ತಾ ಮುಟ್ಟಿ ತಿರುಗಿ ಬರೂದ್ರಾಗ ನೀ ರೊಕ್ಕ ಕೊಟ್ಟು ಕುಂತಿದ್ದಿ. ಅವನ ಮುಂದ ನಿನ್ನ ಮರ್ಯಾದಿ ತಗೀಲೇನು?’

ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ನಾನು ಸುಮ್ಮನಾಗುವವಳಲ್ಲ. ಕೈಗೆ ಭಜ್ಜಿ ಮೆತ್ತಿತ್ತು, ಕಣ್ಣಲ್ಲಿ ನೀರು, ಒಳಗೆ ಅಷ್ಟು ವರ್ಷದ ಕಿಚ್ಚು. ‘ಎಲ್ಲಾದ್ರಾಗೂ ಹಂಗೇ ಏನು ನಿನ್ನ ಲೆಕ್ಕ? ನನ್ನ ನೋಡಾಕ ಬಂದವರ ಮುಂದ ನನ್ನ ರೊಟ್ಟಿ ದಪ್ಪ, ಸಿಟ್ಟು ಭಾಳ ಅಂದಿ. ಮೂರು ಮಂದಿ ಎದ್ದು ಹೋದರು. ಆಕಿಗೆ ಬೆಲ್ಲ ಅಂದಿ, ಬೆಳಕು ಅಂದಿ! ಸಣ್ಣಾಕಿ ಲಗ್ನದಾಗ ಮಂದಿ ನನ್ನ ಹೆಂಗ ನೋಡಿದರು, ನಿನಗೇನು ಗೊತ್ತು?’

ಅಪ್ಪ ಹಗ್ಗವನ್ನು ಮೊಳಕೈಗೆ ಪೂರಾ ಸುತ್ತಿ ಬಂಡಿಯಲ್ಲಿ ಹಾಕಿದ. ಆಮೇಲೆ ನನ್ನ ಕಡೆ ನೋಡದೆ, ಎತ್ತಿಗೆ ಹೇಳುವಂತೆ ಹೇಳಿದ.

‘ಆಕಿನ್ನ ಕೊಡೂದಿತ್ತು, ಹೊಗಳಿದೆ. ನಿನ್ನ ಕೊಡಾಕ ನನಗ ಮನಸಿರ್ಲಿಲ್ಲ ಬೇ.’

ಹೇಳಿದವನೇ ಎತ್ತುಗಳ ಮೂಗುದಾರ ಹಿಡಿದು ಮುಂದೆ ನಡೆದ. ನಾನು ಅಲ್ಲೇ ನಿಂತೆ. ಎಷ್ಟು ವರ್ಷ ಬೇಡಿಕೊಂಡು ಕೂತಿದ್ದ ಕೂದಲೆಳೆ ಅದು, ಕೂದಲೆಳೆಯಲ್ಲ, ಹಗ್ಗದಷ್ಟೇ ದಪ್ಪದ್ದು. ಆದರೂ ನನ್ನ ಕೆಟ್ಟ ಬುದ್ಧಿ ನೋಡಿ, ಮೊದಲು ಬಂದದ್ದು ಸಂತೋಷವಲ್ಲ, ಲೆಕ್ಕ. ಅವಳನ್ನು ಹೊಗಳಿದ್ದು ಜಮಖಾನೆಯ ಮೇಲೆ ಹತ್ತು ಜನರ ಎದುರು, ನನಗೆ ಸಿಕ್ಕಿದ್ದು ಜೋಳದ ಹೊಲದ ಬದುವಿನಲ್ಲಿ, ಎತ್ತುಗಳೆರಡು ಬಿಟ್ಟರೆ ಯಾರಿಗೂ ಕೇಳಿಸದ ಒಂದು ಮಾತು.

ಕೇಳಿಸದ ಎಂದೆ. ತಿರುಗಿ ನೋಡಿದರೆ ಹಿಂದೆ ನಾಲ್ಕು ಹೆಜ್ಜೆಯಲ್ಲಿ ತಂಗಿ ನಿಂತಿದ್ದಳು. ನಾನು ಕೈ ತೊಳೆದುಕೊಳ್ಳಲಿ ಎಂದು ತನ್ನ ಜೀಪಿಗೆ ತಿರುಗಿ ಹೋಗಿ ತಂಬಿಗೆಯಲ್ಲಿ ನೀರು ತಂದಿದ್ದಳು. ಕಪ್ಪು ಕನ್ನಡಕ ಹಣೆಯ ಮೇಲೆ ಏರಿಸಿಕೊಂಡಿದ್ದಳು, ಹಾಗಾಗಿ ಕಣ್ಣು ಕಾಣುತ್ತಿತ್ತು. ಆ ಮುಖ ನನಗೆ ಚೆನ್ನಾಗಿ ಪರಿಚಯದ್ದು. ಇಪ್ಪತ್ತು ವರ್ಷ ನಾನೇ ಹೊತ್ತುಕೊಂಡು ತಿರುಗಿದ ಮುಖ ಅದು, ಅವಳ ಮೇಲೆ ಇದ್ದದ್ದನ್ನು ನೋಡಿದ್ದು ಮಾತ್ರ ಅದೇ ಮೊದಲು. ಅವಳು ಏನೂ ಕೇಳಿಸದವಳ ಹಾಗೆ ತಂಬಿಗೆ ಬಗ್ಗಿಸಿ ನನ್ನ ಕೈಗೆ ನೀರು ಹಾಕಿದಳು. ನೀರು ನನ್ನ ಕೈಯ ಮೇಲೆ ಬೀಳದೆ ಪಕ್ಕಕ್ಕೆ ಬೀಳುತ್ತಿತ್ತು.

ಅಪ್ಪ ನನ್ನ ಬಾಯಿ ಮುಚ್ಚಿಸಲಿಕ್ಕೆ ಏನೋ ಅಂದ ಬಿಡಬೇ, ಎಂದು ನಾನು ಹೇಳಬಹುದಿತ್ತು. ಅಷ್ಟೇ ಸಾಕಿತ್ತು ಅವಳಿಗೆ, ಯಾರ ಮಾತನ್ನಾದರೂ ನಂಬುವ ಸ್ವಭಾವ ಅವಳದು. ನಾನು ಹೇಳಲಿಲ್ಲ. ಕೈ ಸೆರಗಿಗೆ ಒರೆಸಿಕೊಂಡು, ಅವಳನ್ನು ಅಲ್ಲೇ ಬಿಟ್ಟು, ಅಪ್ಪನ ಹಿಂದೆ ಹೊಲಕ್ಕೆ ಇಳಿದೆ.